ಕಡಕ್‌ನಾಥ್ ಹುಂಜಗಳ ಕಾಲು ಬಿಳಿಯಾಗುತ್ತಿದೆ, ಯಾವ ಆಹಾರ ಕೊಟ್ಟರೆ ತಳಿಯ ಕಪ್ಪು ಉಳಿಯುತ್ತದೆ?

30 ಕಡಕ್‌ನಾಥ್ ಮರಿ ತಂದಿದ್ದೀರಿ. ಮೂರು ತಿಂಗಳಾಗುವಷ್ಟರಲ್ಲಿ ಕೆಲವು ಹುಂಜಗಳ ಕಾಲು ಬಿಳಿಚಿದೆ, ಜುಟ್ಟು ಕೆಂಪಾಗಿದೆ, ಆದರೆ ಹೇಂಟೆಗಳೆಲ್ಲ ಕಪ್ಪಗೇ ಇವೆ ಎಂದು ಬರೆದಿದ್ದೀರಿ. ಆ ಕೊನೆಯ ಮಾತಿನಲ್ಲೇ ಉತ್ತರ ಇದೆ. ನಿಮಗೆ ಬಂದಿರುವುದು ಬೆರಕೆ ಮರಿ. ಆಹಾರದಿಂದ ಈ ಕಪ್ಪು ಬರುವುದೂ ಇಲ್ಲ, ಹೋಗುವುದೂ ಇಲ್ಲ. ಕರಿ ಎಳ್ಳು, ಇದ್ದಿಲ ಪುಡಿ ಏನೇ ತಿನ್ನಿಸಿದರೂ ಚರ್ಮದ ಬಣ್ಣ ಬದಲಾಗದು.

ಕಾರಣ ಹೀಗಿದೆ. ಚರ್ಮ, ಮಾಂಸ, ಮೂಳೆಯ ಪೊರೆ ಎಲ್ಲ ಕಪ್ಪಾಗಿಸುವ ಜೀನ್ ಒಂದು ಪ್ರತಿ ಇದ್ದರೂ ಕೆಲಸ ಮಾಡುತ್ತದೆ. ಆದರೆ ಬಿಳಿ ಅಥವಾ ಹಳದಿ ಕಾಲಿನ ಕೋಳಿಗಳಲ್ಲಿ ಸಾಮಾನ್ಯವಾಗಿ ಆ ಕಪ್ಪನ್ನು ತಡೆಯುವ ಇನ್ನೊಂದು ಜೀನ್ ಇರುತ್ತದೆ. ಅದು ಲಿಂಗ ಕ್ರೋಮೋಸೋಮಿನ ಮೇಲಿರುವುದರಿಂದ ಹೇಂಟೆ ಅದನ್ನು ತನ್ನ ಗಂಡುಮರಿಗೆ ಮಾತ್ರ ದಾಟಿಸುತ್ತದೆ. ಅಂದರೆ ಕಡಕ್‌ನಾಥ್ ಹುಂಜವನ್ನು ಬಿಳಿ ಕಾಲಿನ ನಾಟಿ ಹೇಂಟೆಯ ಮೇಲೆ ಬಿಟ್ಟರೆ ಗಂಡುಮರಿ ಬಿಳಿಚುತ್ತದೆ, ಹೆಣ್ಣುಮರಿ ಅಚ್ಚ ಕಡಕ್‌ನಾಥ್‌ನಂತೆ ಕಪ್ಪಾಗಿಯೇ ಬೆಳೆಯುತ್ತದೆ. ತಿರುವುಮುರುವಾದರೆ, ಅಂದರೆ ನಾಟಿ ಹುಂಜ, ಕಡಕ್‌ನಾಥ್ ಹೇಂಟೆ ಆದರೆ, ಗಂಡು ಹೆಣ್ಣು ಎರಡೂ ಬಿಳಿಚುತ್ತವೆ. ನಿಮ್ಮ ಗುಂಪಿನಲ್ಲಿ ಬಿಳಿಚಿದ ಹುಂಜ ಎಷ್ಟಿವೆಯೋ ಹೆಚ್ಚುಕಡಿಮೆ ಅಷ್ಟೇ ಬೆರಕೆ ಹೇಂಟೆಗಳೂ ಇರುತ್ತವೆ, ಬಣ್ಣ ನೋಡಿ ಅವನ್ನು ಗುರುತಿಸಲು ಆಗುವುದಿಲ್ಲ. ಹಾಗಾಗಿ ಈ ಗುಂಪಿನ ಹೇಂಟೆಗಳನ್ನು ಮೊಟ್ಟೆಗೆ ಇಟ್ಟುಕೊಳ್ಳಿ, ತಳಿ ಮಾಡಲು ಬೇಡ.

ಜುಟ್ಟಿನ ವಿಷಯದಲ್ಲಿ ಮಾತ್ರ ಅವಸರ ಬೇಡ. ಜುಟ್ಟಿನಿಂದ ಹಿಡಿದು ಎಲ್ಲವೂ ಕಾಡಿಗೆ ಕಪ್ಪು ಇರುವುದು ಇಂಡೋನೇಷ್ಯಾದ ಅಯಾಮ್ ಸೆಮಾನಿ ತಳಿ. ಮಧ್ಯಪ್ರದೇಶದ ಝಾಬುವಾ, ಅಲಿರಾಜಪುರ, ಧಾರ್ ಕಡೆ ಭಿಲ್ ಸಮುದಾಯದವರು ಸಾಕಿಕೊಂಡು ಬಂದ ಕಡಕ್‌ನಾಥ್‌ಗೆ ಜುಟ್ಟು, ನಾಲಿಗೆ ನೇರಳೆ ಛಾಯೆಯವು. ಕೊಕ್ಕು, ಕಾಲು, ಪಾದದ ಅಡಿ ಸ್ಲೇಟು ಬಣ್ಣ. ಗರಿ ಅಚ್ಚಗಪ್ಪೇ ಇರಬೇಕೆಂದಿಲ್ಲ, ಕುತ್ತಿಗೆಯಲ್ಲಿ ಬೆಳ್ಳಿ ಅಥವಾ ಹೊಂಬಣ್ಣದ ಗೆರೆ ಇರುವವೂ ಶುದ್ಧ ತಳಿಯವೇ. ಮೊಟ್ಟೆ ತಿಳಿ ಕಂದು. ಕಪ್ಪು ಮೊಟ್ಟೆ ಎಂದು ಯಾರಾದರೂ ಮಾರಿದರೆ ತೆಗೆದುಕೊಳ್ಳಬೇಡಿ. ಪರೀಕ್ಷೆಗೆ ಬಾಯಿ ತೆರೆದು ನಾಲಿಗೆ ನೋಡಿ, ಕಾಲು ಮಗುಚಿ ಪಾದದ ಅಡಿ ನೋಡಿ, ರೆಕ್ಕೆಯ ಕೆಳಗೆ ಗರಿ ಸರಿಸಿ ಚರ್ಮ ನೋಡಿ. ಬಿಸಿಲಿನಲ್ಲೇ ನೋಡಬೇಕು, ಟ್ಯೂಬ್‌ಲೈಟ್ ಬೆಳಕಿನಲ್ಲಿ ಬೂದಿಯೂ ಕಪ್ಪಾಗಿ ಕಾಣುತ್ತದೆ.

ಚೆನ್ನಾಗಿ ಕಪ್ಪಾಗಿರುವ ಹುಂಜ ಒಂದೆರಡು ಇದ್ದರೆ ಪರೀಕ್ಷಿಸಿ ನೋಡಬಹುದು. ಬೇರೆ ಹುಂಜದಿಂದ 3 ವಾರ ದೂರ ಇಟ್ಟಿದ್ದ ಎರಡು ನಾಟಿ ಹೇಂಟೆಗಳ ಜೊತೆ ಅದನ್ನು ಬಿಡಿ (ಹಳೆಯ ಹುಂಜದ ವೀರ್ಯ ಹೇಂಟೆಯ ಹೊಟ್ಟೆಯಲ್ಲಿ ಅಷ್ಟು ದಿನ ಉಳಿಯಬಹುದು). ಹುಟ್ಟಿದವುಗಳಲ್ಲಿ ಹೆಣ್ಣುಮರಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಒಂದೇ ಒಂದು ಹೆಣ್ಣುಮರಿ ಬಿಳಿಚಿದರೂ ಹುಂಜ ಬೆರಕೆ. ಬೆರಕೆ ಹುಂಜಕ್ಕೆ 7 ಹೆಣ್ಣುಮರಿಯೂ ಕಪ್ಪಾಗಿಯೇ ಹುಟ್ಟುವ ಸಾಧ್ಯತೆ 128ರಲ್ಲಿ 1 ಮಾತ್ರ. ಈ ಪರೀಕ್ಷೆಯ ಮರಿಗಳನ್ನು ಮಾಂಸಕ್ಕೆ ಕೊಡಿ, ಗುಂಪಿಗೆ ಸೇರಿಸಬೇಡಿ.

ಹಾಗಾದರೆ ಆಹಾರದ ಪಾತ್ರ ಏನು? ಕೆಟ್ಟ ಆಹಾರ ಕೊಟ್ಟರೆ ತಳಿಯ ಒಳ್ಳೆಯ ಗುಣ ಹೊರಗೆ ಕಾಣುವುದೇ ಇಲ್ಲ, ಆಗ ನೀವು ಒಳ್ಳೆಯ ಹಕ್ಕಿಯನ್ನು ತೆಗೆದು ಕೆಟ್ಟದ್ದನ್ನು ಉಳಿಸಿಕೊಳ್ಳುತ್ತೀರಿ. ಮರಿ ಬೆರಳು ಒಳಕ್ಕೆ ಮಡಚಿಕೊಂಡಿದ್ದರೆ ತಳಿದೋಷ ಎನ್ನುವ ಮೊದಲು ತಾಯಿಕೋಳಿ ಏನು ತಿನ್ನುತ್ತಿದೆ ನೋಡಿ. ಬಿ2 ವಿಟಮಿನ್ ಕಡಿಮೆಯಾದರೂ ಹೀಗೇ ಆಗುತ್ತದೆ. ಬರೀ ಅಕ್ಕಿ ನುಚ್ಚು, ಜೋಳ ತಿನ್ನುವ ಗುಂಪಿನಲ್ಲಿ ಇದು ಹೆಚ್ಚು.

8 ವಾರದವರೆಗೆ ಸುಮಾರು 20% ಪ್ರೋಟೀನ್ ಬೇಕು. ಮನೆಯಲ್ಲೇ ಮಿಶ್ರಣ ಮಾಡುವುದಾದರೆ 100 ಕೆಜಿಗೆ ಮೆಕ್ಕೆಜೋಳ 50, ಸೋಯಾ ಹಿಂಡಿ 30, ಅಕ್ಕಿ ತವುಡು 15, ಉಳಿದದ್ದು ಖನಿಜ ಮಿಶ್ರಣ, ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್), ಸುಣ್ಣಕಲ್ಲಿನ ಪುಡಿ ಮತ್ತು 300 ಗ್ರಾಂ ಉಪ್ಪು. ಉಪ್ಪನ್ನು ತೂಗಿಯೇ ಹಾಕಿ, ಹೆಚ್ಚಾದರೆ ಮರಿ ಸಾಯುತ್ತವೆ. 8ರಿಂದ 18 ವಾರ 16% ಸಾಕು: ಮೆಕ್ಕೆಜೋಳ 45, ರಾಗಿ 10, ತವುಡು 22, ಸೋಯಾ ಹಿಂಡಿ 19. ಮೆಕ್ಕೆಜೋಳವೋ ಕಡಲೆಕಾಯಿ ಹಿಂಡಿಯೋ ಬೂಷ್ಟು ವಾಸನೆ ಬಂದರೆ ಚೀಲವನ್ನೇ ಬಿಸಾಡಿ. ಆ ಬೂಷ್ಟಿನ ವಿಷ ಬೆಳವಣಿಗೆಯನ್ನೂ ಕುಗ್ಗಿಸುತ್ತದೆ, ಲಸಿಕೆಯ ಫಲವನ್ನೂ ಕೆಡಿಸುತ್ತದೆ. ಮಳೆಗಾಲದಲ್ಲಿ 15 ದಿನಕ್ಕಾಗುವಷ್ಟು ಮಾತ್ರ ಮಿಶ್ರಣ ಮಾಡಿ.

ಬ್ರಾಯ್ಲರ್ ಫೀಡ್ ಬೇಡವೇ ಬೇಡ. ಬೇಗ ತೂಕ ಬರಲಿ ಎಂದು ಹಾಕುತ್ತಾರೆ, ಆದರೆ ಈ ತಳಿಗೆ ಆ ಬೆಳವಣಿಗೆ ರಕ್ತದಲ್ಲೇ ಇಲ್ಲ, ಹೊಟ್ಟೆಯಲ್ಲಿ ಕೊಬ್ಬು ಕಟ್ಟುತ್ತದೆ, ಮುಂದೆ ಮೊಟ್ಟೆ ಕಡಿಮೆಯಾಗುತ್ತದೆ. ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಕೊಡುವ ಲೆಕ್ಕದಲ್ಲಿ 20 ವಾರಕ್ಕೆ ತೂಕ 920 ಗ್ರಾಂ, ಮೊಟ್ಟೆ ಶುರುವಾಗುವುದು 180 ದಿನಕ್ಕೆ, ವರ್ಷಕ್ಕೆ 105 ಮೊಟ್ಟೆ. ನಿಮ್ಮದು ಅದೇ ವಯಸ್ಸಿಗೆ 2 ಕೆಜಿ ದಾಟಿದರೆ ಖುಷಿ ಪಡುವ ಬದಲು ಅನುಮಾನ ಪಡಿ. ಅತಿ ತೂಕದ್ದನ್ನೇ ತಳಿಗೆ ಆರಿಸುತ್ತಾ ಹೋದರೆ ಬೆರಕೆಯನ್ನೇ ಆರಿಸಿದ ಹಾಗಾಗುತ್ತದೆ.

ಲೇಯರ್ ಫೀಡನ್ನು ಮೊಟ್ಟೆ ಶುರುವಾಗುವ ಮೊದಲು ಹಾಕಬಾರದು. ಅದರಲ್ಲಿ ಸುಮಾರು 3.5% ಕ್ಯಾಲ್ಸಿಯಂ ಇರುತ್ತದೆ, ಬೆಳೆಯುವ ಹಕ್ಕಿಯ ಮೂತ್ರಪಿಂಡ ಅದನ್ನು ತಾಳಿಕೊಳ್ಳುವುದಿಲ್ಲ. ಹುಂಜ ಹೇಂಟೆ ಒಟ್ಟಿಗೆ ಇರುವ ಗೂಡಿನಲ್ಲಿ 16%ರ ಆಹಾರವನ್ನೇ ಮುಂದುವರಿಸಿ, ಕಪ್ಪೆಚಿಪ್ಪಿನ ಚೂರನ್ನು ಬೇರೆ ತಟ್ಟೆಯಲ್ಲಿಡಿ. ಬೇಕಾದ ಹೇಂಟೆ ತಿನ್ನುತ್ತದೆ. ಬಯಲಲ್ಲಿ ಮೇಯುವ ದೊಡ್ಡ ಹಕ್ಕಿಗೆ ದಿನಕ್ಕೆ 50–60 ಗ್ರಾಂ ಸಾಕು, ಕಟ್ಟಿ ಸಾಕಿದರೆ 90–100 ಗ್ರಾಂ. ನುಗ್ಗೆ ಸೊಪ್ಪು, ಅಗಸೆ ಸೊಪ್ಪು ಧಾರಾಳ ಕೊಡಿ. ಅಜೋಲಾ ಒಳ್ಳೆಯದೇ, ಆದರೆ ಅದರಲ್ಲಿ 90%ಕ್ಕಿಂತ ಹೆಚ್ಚು ನೀರು, ಹಿಂಡಿಯ ಬದಲಿಗೆ ಅದನ್ನೇ ನಂಬಬೇಡಿ.

ಕೊಕ್ಕರೆ ರೋಗಕ್ಕೆ (ರಾಣಿಖೇತ್) 5–7ನೇ ದಿನ ಲಸಿಕೆ, 28ನೇ ದಿನ ಮತ್ತೊಮ್ಮೆ, 8–10 ವಾರಕ್ಕೆ ಅದೇ ರೋಗದ ಆರ್2ಬಿ ಎಂಬ ಲಸಿಕೆ. ನಡುವೆ 14ನೇ ದಿನ ಗಂಬೋರೊ ರೋಗದ ಲಸಿಕೆ. ನಿಮ್ಮೂರಿನ ಪಶುವೈದ್ಯರನ್ನು ಕೇಳಿ ಪಟ್ಟಿ ಹೊಂದಿಸಿಕೊಳ್ಳಿ.

ಹೊಸದಾಗಿ ಮರಿ ತರುವಾಗ ಹುಂಜ, ಹೇಂಟೆ ಎರಡನ್ನೂ ಕಣ್ಣಾರೆ ನೋಡಿ ತನ್ನಿ, ಅಥವಾ ಝಾಬುವಾದ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ವಿಚಾರಿಸಿ. ಒಂದು ದಿನದ ಮರಿ ನೀಲಿಗಪ್ಪಾಗಿದ್ದು ಬೆನ್ನ ಮೇಲೆ ಅಡ್ಡಾದಿಡ್ಡಿ ಕಪ್ಪು ಪಟ್ಟಿ ಇರಬೇಕು. ಮೂರು ಗೂಡು ಮಾಡಿ, ಒಂದೊಂದರಲ್ಲಿ 1 ಹುಂಜ, 8 ಹೇಂಟೆ. ಹುಟ್ಟಿದ ಹೆಣ್ಣುಮರಿ ತಾಯಿಯ ಗೂಡಿನಲ್ಲೇ ಉಳಿಯಲಿ, ಗಂಡುಮರಿ ಮಾತ್ರ ಮುಂದಿನ ಗೂಡಿಗೆ: ಒಂದರದ್ದು ಎರಡಕ್ಕೆ, ಎರಡರದ್ದು ಮೂರಕ್ಕೆ, ಮೂರರದ್ದು ಒಂದಕ್ಕೆ. ಒಂದೇ ರಕ್ತ ಕೂಡುವುದು ಬಹಳ ನಿಧಾನವಾಗುತ್ತದೆ. ಮರಿ ಹುಟ್ಟಿದ ದಿನವೇ ಕಾಲ್ಬೆರಳ ನಡುವಿನ ಪೊರೆಗೆ ತೂತು ಹಾಕಿ ಗುರುತು ಮಾಡಿ. ಎರಡು ಕಾಲಿಗೆ ನಾಲ್ಕು ಪೊರೆ, ಒಟ್ಟು 16 ಬಗೆಯ ಗುರುತು ಸಿಗುತ್ತದೆ.

ಕಡಕ್‌ನಾಥ್ ಹೇಂಟೆ ಕಾವಿಗೆ ಸರಿಯಾಗಿ ಕೂರುವುದಿಲ್ಲ, ನಡುವೆ ಎದ್ದು ಹೋಗುತ್ತದೆ. ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗಿಡಿ ಅಥವಾ ಇನ್‌ಕ್ಯುಬೇಟರ್‌ನಲ್ಲಿ 37.5 ಡಿಗ್ರಿಗೆ ಇಡಿ. ಮೊಟ್ಟೆ 7 ದಿನಕ್ಕಿಂತ ಹಳೆಯದಿರಬಾರದು. ಬೇಸಿಗೆಯಲ್ಲಿ ಒದ್ದೆ ಮರಳಿನಲ್ಲಿ ಹೂತ ಮಡಕೆಯೊಳಗೆ, ದಪ್ಪ ತುದಿ ಮೇಲೆ ಮಾಡಿ ಇಟ್ಟರೆ ಕೆಡುವುದಿಲ್ಲ.