ಬಚ್ಚಲ ಒಲೆಗೆ ಪ್ಲಾಸ್ಟಿಕ್ ಬೇಡ

ಪ್ರಶ್ನೆ: ಮಳೆ ಹಿಡಿದರೆ ನಮ್ಮ ಬಚ್ಚಲ ಒಲೆ ಹೊತ್ತುವುದೇ ಇಲ್ಲ. ಮೊದಲು ಸೀಮೆಎಣ್ಣೆ ಇತ್ತು. ಈಗ ಅತ್ತೆಯವರು ಪ್ಲಾಸ್ಟಿಕ್ ಕೊಟ್ಟೆಗೆ ಕಡ್ಡಿ ಗೀರಿ ಒಲೆಗೆ ಹಾಕುತ್ತಾರೆ. ಹಂಡೆ ನೀರು ಕಾಯುವಷ್ಟರಲ್ಲಿ ಮನೆ ತುಂಬ ಹೊಗೆ. ಒಲೆ ಹೊತ್ತಿಸಲು ಮನೆಯಲ್ಲೇ ಏನಾದರೂ ಮಾಡಿಕೊಳ್ಳಬಹುದೇ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಧಾರಾಳವಾಗಿ. ಬೇಕಾದ್ದೆಲ್ಲ ನಿಮ್ಮ ಅಂಗಳದಲ್ಲೇ ಬಿದ್ದಿರುತ್ತದೆ. ಚೆನ್ನಾಗಿ ಒಣಗಿದ ಅಡಿಕೆ ಸಿಪ್ಪೆ ತೆಗೆದುಕೊಳ್ಳಿ. ಕರೆಂಟು ಹೋದಾಗ ಉರಿಸಿ ಉಳಿದ ಮೇಣದಬತ್ತಿ ಮೋಟುಗಳನ್ನು ಹಳೇ ಡಬ್ಬಿಗೆ ಹಾಕಿ, ಡಬ್ಬಿಯನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ. ನೇರ ಉರಿಯ ಮೇಲಿಡಬೇಡಿ, ಮೇಣ ಮಿತಿಮೀರಿ ಕಾದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಸಿಪ್ಪೆಯನ್ನು ಅರ್ಧ ಮಾತ್ರ ಅದ್ದಿ ತೆಗೆಯಿರಿ. ಒಣಗಿ ಉಳಿದ ನಾರಿನ ತುದಿಗೆ ಕಡ್ಡಿ ಗೀರಿದರೆ ಅದೇ ಬತ್ತಿಯ ಹಾಗೆ ಹಿಡಿಯುತ್ತದೆ. ಮೇಣ ಸಾಲದಿದ್ದರೆ ತೆಂಗಿನ ನಾರಿನ ಸಣ್ಣ ಉಂಡೆ ಮಾಡಿ, ಹಪ್ಪಳ ಕರಿದು ಉಳಿದ ಎಣ್ಣೆ ಕುಡಿಸಿ. ಎರಡನ್ನೂ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ.

ಪ್ಲಾಸ್ಟಿಕ್ ಮಾತ್ರ ಇವತ್ತೇ ನಿಲ್ಲಲಿ. ಅದರ ವಿಷದ ಹೊಗೆ ಮೂಗಿಗೆ ಹೋಗುವುದು ಒಂದು. ಆ ಬೂದಿ ಬಸಳೆ ಬುಡಕ್ಕೋ ಪಾತ್ರೆ ತಿಕ್ಕುವುದಕ್ಕೋ ಹೋಗುತ್ತದಲ್ಲ, ಅದು ಇನ್ನೊಂದು. ಅತ್ತೆಯವರಿಗೆ ಬಸಳೆಯ ಮಾತು ಹೇಳಿ ನೋಡಿ, ಬೇಗ ನಾಟುತ್ತದೆ.

ಆದರೆ ಸಿಪ್ಪೆಯಾಗಲಿ ಉಂಡೆಯಾಗಲಿ ಉರಿ ಹಿಡಿಸುವ ಮೊದಲ ಐದು ನಿಮಿಷಕ್ಕಷ್ಟೇ, ಆಮೇಲಿನ ಹೊಗೆ ನಿಲ್ಲಬೇಕಾದರೆ ಸೌದೆ ಒಣಗಿರಬೇಕು. ಹೊಗೆಯೆಂದರೆ ಉರಿಯದೆ ತಪ್ಪಿಸಿಕೊಂಡು ಹೋದ ಸೌದೆಯೇ. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅದನ್ನು ಆವಿ ಮಾಡುವುದರಲ್ಲೇ ಬೆಂಕಿಯ ಕಾವು ಮುಗಿಯುತ್ತದೆ. ನೀರಿನಂಶ ನೂರಕ್ಕೆ 20ಕ್ಕಿಂತ ಕೆಳಗಿಳಿದರೆ ಸೌದೆ ಉರಿಯುವ ಬಗೆಯೇ ಬೇರೆ. ಎರಡು ತುಂಡು ಬಡಿದು ನೋಡಿ, ಒಣಗಿದ್ದು ಠಣ್ ಎನ್ನುತ್ತದೆ, ಹಸಿಯದ್ದು ದಪ್ ಎನ್ನುತ್ತದೆ. ಬೇಸಿಗೆಯಲ್ಲೇ ಸೀಳಿ ಕೊಟ್ಟಿಗೆಗೆ ಸೇರಿಸಬೇಕು. ದಿಮ್ಮಿಯಾಗಿ ಬಿಟ್ಟರೆ ತೊಗಟೆಯೊಳಗಿನ ನೀರು ಹೋಗುವುದಿಲ್ಲ.

ಒಲೆಗೆ ಕಟ್ಟಿಗೆ ತುರುಕುವುದೂ ಒಂದು ಚಾಳಿ. ಬಾಯಿ ಕಟ್ಟಿದರೆ ಗಾಳಿ ಎಲ್ಲಿಂದ ಬರಬೇಕು? ಮೊದಲು ಬೂದಿ ತೆಗೆಯಿರಿ. ಎರಡು ಕಬ್ಬಿಣದ ಸರಳು ಅಡ್ಡ ಇಟ್ಟು ಅದರ ಮೇಲೆ ಸಣ್ಣ ಸೀಳುಗಳನ್ನು ಸಡಿಲವಾಗಿ ಜೋಡಿಸಿ, ಕರಟದ ಚೂರು ಸೇರಿಸಿ. ಉರಿ ಎದ್ದ ಮೇಲೆ ದಪ್ಪ ಸೌದೆಯ ತುದಿಯಷ್ಟೇ ಒಳಗಿರಲಿ, ಸುಟ್ಟಂತೆ ಮುಂದೆ ದೂಡಿ. ಊದುಗೊಳವೆ ಪದೇ ಪದೇ ಬೇಕಾಗುತ್ತಿದ್ದರೆ ಜೋಡಣೆಯಲ್ಲೇ ಏನೋ ಎಡವಟ್ಟಾಗಿದೆ ಎಂದುಕೊಳ್ಳಿ.

ಒಲೆ ಹೊಸದಾಗಿ ಕಟ್ಟಿಸುವ ಯೋಚನೆಯಿದ್ದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆಯ ಮಾದರಿಯನ್ನು ನೋಡಿ. ಅಸ್ತ್ರ ಅಲ್ಲಿ 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕೆಂದೇ ಶುರುವಾದ ವಿಭಾಗ. ಆ ಒಲೆಗೆ ಜಾಲರಿಯೂ ಹೊಗೆ ಕೊಳವೆಯೂ ಇವೆ. ಕೊಳವೆಯಲ್ಲಿ ಮಸಿ ಕಟ್ಟಿದರೆ ಹೊಗೆ ಮತ್ತೆ ಮನೆಗೇ ತಿರುಗುತ್ತದೆ, ಮಸಿಯನ್ನು ಆಗಾಗ ಕೆಡವಬೇಕು.

ಇನ್ನೊಂದು. ಹೊಗೆ ನಿಂತಿತೆಂದು ಬಚ್ಚಲ ಬಾಗಿಲು, ಕಿಟಕಿ ಎರಡನ್ನೂ ಭದ್ರವಾಗಿ ಮುಚ್ಚಿಕೊಂಡು ಸ್ನಾನಕ್ಕೆ ಕೂರಬೇಡಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಲೆ ಭಾರವಾದರೆ ತಕ್ಷಣ ಹೊರಗೆ ಬನ್ನಿ.