ರಾತ್ರಿ ನೇರ ನೋಡಿದರೆ ದೀಪ ಮಾಯವಾಗುವುದು ಯಾಕೆ?
ರಾತ್ರಿ ಹಾರಾಟದ ತರಬೇತಿಯಲ್ಲಿ ದೂರದ ಮಂಕು ದೀಪವನ್ನು ದಿಟ್ಟಿಸಿದರೆ ಮಾಯವಾಗುತ್ತದೆ, ಕಣ್ಣಿಗೇನಾದರೂ ತೊಂದರೆಯಾ ಅಂತ ಕೇಳಿದ್ದೀರಿ. ಗಾಬರಿ ಬೇಡ, ಎಲ್ಲರ ಕಣ್ಣೂ ಹಾಗೇ. ಕಣ್ಣಿನ ಪರದೆಯ ನಟ್ಟನಡುವೆ ಬಣ್ಣ ಗುರುತಿಸುವ ಕೋನ್ ಕೋಶಗಳಷ್ಟೇ ಇರುತ್ತವೆ, ಮಂದ ಬೆಳಕು ಅವುಗಳಿಗೆ ಸಾಲದು; ಕತ್ತಲಲ್ಲಿ ಕೆಲಸ ಮಾಡುವ ರಾಡ್ ಕೋಶಗಳು ಸುತ್ತಲಿನ ಜಾಗದಲ್ಲಿವೆ. ಹಾಗಾಗಿ ದೀಪದಿಂದ 5–10 ಡಿಗ್ರಿ ಪಕ್ಕಕ್ಕೆ, ಅಂದರೆ ಕೈ ಚಾಚಿ ಹಿಡಿದ ಮುಷ್ಟಿಯ ಅಗಲದಷ್ಟು ಆಚೆ ನೋಡಿ, ಕಾಣುತ್ತದೆ. ಒಂದೇ ದೀಪವನ್ನು ಜಾಸ್ತಿ ಹೊತ್ತು ದಿಟ್ಟಿಸಬೇಡಿ, ಅಲ್ಲೇ ಇರುವ ದೀಪವೂ ಓಡಾಡಿದ ಹಾಗೆ ಅನಿಸಿ ಮೋಸ ಹೋಗುತ್ತೀರಿ. ಇನ್ನೊಂದು ಮಾತು, ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಸುಮಾರು 30 ನಿಮಿಷ ಬೇಕು. ನಡುವೆ ಸುಮ್ನೆ ಒಮ್ಮೆ ಮೊಬೈಲ್ ಬೆಳಗಿಸಿದರೂ ಮತ್ತೆ ಕಾಯಬೇಕಾಗುತ್ತದೆ. ವಿಮಾನ ಹತ್ತುವ ಮೊದಲೇ ಅದನ್ನು ಬ್ಯಾಗಿಗೆ ಹಾಕಿಬಿಡಿ.