“ಮೀಟಿಂಗಲ್ಲಿ ನನ್ನ ಮಾತಿಗೆ ಬೆಲೆನೇ ಇಲ್ಲ ಮೇಡಂ”

(ಹೆಸರು, ಗುರುತು ಎಲ್ಲ ಬದಲಾಯಿಸಿದೀನಿ, ಅವರು ಒಪ್ಪಿದ ಮೇಲೇ ಬರೀತಿರೋದು.)

ಸವಿತಾ ಅಂತ ಇಟ್ಕೊಳ್ಳೋಣ. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಚಿಕ್ಕಬಳ್ಳಾಪುರ ಜಿಲ್ಲೆಲಿ ಅಪೌಷ್ಟಿಕ ಮಕ್ಕಳ ಕೇಸು ನೋಡೋ ಟೀಮಲ್ಲಿ ಕೆಲಸ, ಜೊತೆಗೆ ಡಾಕ್ಟ್ರು, ಡಯಟೀಶಿಯನ್, ನರ್ಸು, ಅಂಗನವಾಡಿ ಸೂಪರ್‌ವೈಸರ್. ನಿದ್ದೆ ಬರಲ್ಲ, ಮೀಟಿಂಗ್ ಇದ್ರೆ ಹಿಂದಿನ ರಾತ್ರಿಯಿಂದ್ಲೇ ಹೊಟ್ಟೆ ಕಿವುಚತ್ತೆ, ಕೆಲಸ ಬಿಟ್ಬಿಡ್ಲಾ ಅಂತ ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದ್ರು.

ಕೆದಕ್ತಾ ಹೋದ್ರೆ ಹಿಂದಿನ ದಿನದ ಒಂದು ಕೇಸಿಗೆ ಬಂದು ನಿಲ್ತು. ಶಿಡ್ಲಘಟ್ಟ ಕಡೆ ಹಳ್ಳಿ, ಎರಡು ವರ್ಷದ ಮಗು, ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಮ್ಮಿ, ಅಂದ್ರೆ ಅಳತೆ ಟೇಪಲ್ಲಿ ಕೆಂಪು ಬಣ್ಣ, ತೀವ್ರ ಅಪೌಷ್ಟಿಕತೆ, ಸಾಲದ್ದಕ್ಕೆ ಎರಡೂ ಪಾದ ಊದ್ಕೊಂಡು ಬೆರಳಲ್ಲಿ ಒತ್ತಿದ್ರೆ ಗುಳಿ ಬೀಳ್ತಿತ್ತು. ಇಂಥ ಮಗೂನ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸ್ಲೇಬೇಕು, ಸಾಮಾನ್ಯವಾಗಿ 14 ದಿನ, ತಾಯೀನೂ ಜೊತೆಗಿರ್ಬೇಕು. ತಾಯಿ ಆಗಲ್ಲ ಅಂದಿದ್ಲು. ಡಾಕ್ಟ್ರು “ಕಾಳಜಿನೇ ಇಲ್ಲ” ಅಂದ್ರು, ಡಯಟೀಶಿಯನ್ “ತಿಳುವಳಿಕೆ ಕೊಡಿ” ಅಂದ್ರು, ಸೂಪರ್‌ವೈಸರ್ ‘ನಿರಾಕರಣೆ’ ಅಂತ ಬರ್ಕೊಂಡ್ರು, ಸವಿತಾ ಬಾಯಿ ತೆಗೆಯೋಷ್ಟರಲ್ಲಿ ಮುಂದಿನ ಕೇಸು ಶುರುವಾಗಿತ್ತು.

ಆ ಮನೆ ಒಳಗೆ ಹೋಗಿ ಕೂತು ಮಾತಾಡಿದ್ದು ಮಾತ್ರ ಇವರೊಬ್ಬರೇ. ಅಲ್ಲಿ ರೇಷ್ಮೆ ಹುಳ ನಾಲ್ಕನೇ ಜ್ವರ (ಹುಳ ಪೊರೆ ಬಿಡೋದಕ್ಕೆ ಹಂಗಂತಾರೆ) ಎದ್ದಿತ್ತಂತೆ, ಅಂದ್ರೆ ಗೂಡು ಕಟ್ಟೋಕೆ ಮುಂಚಿನ ಕೊನೇ ಹಂತ. ರೇಷ್ಮೆ ಮಾಡೋರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ, ಒಂದು ಬೆಳೆಗೆ ಬೇಕಾದ ಸೊಪ್ಪಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಕೊನೇ ಏಳೆಂಟು ದಿನದಲ್ಲೇ ಖಾಲಿ, ಹಗಲು ರಾತ್ರಿ ಸೊಪ್ಪು ಹಾಕ್ಬೇಕು, ಆಮೇಲೆ ಹಣ್ಣಾದ ಹುಳ ಆರಿಸಿ ಚಂದ್ರಿಕೆಗೆ (ಗೂಡು ಕಟ್ಟೋ ತಟ್ಟೆಗೆ) ಬಿಡ್ಬೇಕು. ಆಗ ಎದ್ದು ಬಂದ್ರೆ ಬೆಳೆ ಹೋಯ್ತು, ಗೂಡು ಮಾರಿ ತೀರಿಸ್ಬೇಕಿದ್ದ ಸಾಲ ಹಂಗೇ ಉಳೀತು.

ಸವಿತಾ ಮನಸ್ಸಲ್ಲಿ, ಎಂಟು ದಿನ ತಡ ಮಾಡಿ ಸೇರಿಸಿದ್ರೆ ಏನೀಗ ಅಂತಿತ್ತು. ಅದು ಬೇಡ ಅಂತ ಖಡಾಖಂಡಿತ ಹೇಳ್ದೆ. ಪಾದ ಊದಿರೋ ಮಗು ಕಾಯಲ್ಲ, ಆ ವಿಷಯದಲ್ಲಿ ಡಾಕ್ಟ್ರ ಮಾತೇ ಕೊನೆ. ಆದ್ರೆ ತಾಯಿ ಯಾಕೆ ಬರಲ್ಲ ಅನ್ನೋದ್ರಲ್ಲಿ ನಿಮ್ಮ ಮಾತೇ ಮೊದಲು, ಗೌರವದ ಜಗಳ ಆಮೇಲೆ ನೋಡ್ಕೊಳ್ಳೋಣ, ಈಗ ಇಲ್ಲಿಂದ್ಲೇ ಫೋನ್ ಮಾಡಿ ಅಂದೆ. ಸವಿತಾ ಅಭ್ಯಾಸ ಏನಂದ್ರೆ “ಕುಟುಂಬದ ಸಾಮಾಜಿಕ ಆರ್ಥಿಕ ಹಿನ್ನೆಲೆ ನೋಡಿದ್ರೆ ಸರ್” ಅಂತ ಶುರು ಮಾಡೋದು (ಕಾಲೇಜಲ್ಲಿ ಕಲಿಸಿದ್ದು ಬಿಡಲ್ಲ ನೋಡಿ), ಅಷ್ಟೊತ್ತಿಗೆ ಕೇಳೋರ ಕಿವಿ ಮುಚ್ಚಿರತ್ತೆ. ನಾನೇ ಡಾಕ್ಟ್ರಾಗಿ ಮಧ್ಯ ಬಾಯಿ ಹಾಕಿ ಹಾಕಿ ಪ್ರಾಕ್ಟೀಸ್ ಮಾಡಿಸ್ದೆ, ಕೊನೆಗೆ ಉಳಿದಿದ್ದು ಇಷ್ಟು: “ಸರ್, ಹುಳ ನೋಡೋಕೆ ಎಂಟು ದಿನ ಜನ ಸಿಕ್ರೆ ತಾಯಿ ಇವತ್ತೇ ಬರ್ತಾಳೆ.”

ಡಾಕ್ಟ್ರು ಕೇಳಿದ್ದು, ಇದನ್ನ ನಿನ್ನೆನೇ ಯಾಕಮ್ಮ ಹೇಳ್ಲಿಲ್ಲ! ಸವಿತಾ ಮುಖ ನೋಡ್ಬೇಕಿತ್ತು.

ವಾರದ ಮೀಟಿಂಗ್ ಬರಲಿ ಅಂತ ಕಾಯ್ತಾ ಕೂರದೆ ಇದೊಂದಕ್ಕೇ ಮೂರು ಜನರ ಟಾಸ್ಕ್ ಗ್ರೂಪ್ ಕೇಳಿ ಅಂದಿದ್ದೆ, ಒಂದೇ ಕೆಲಸ, ಯಾರು ಯಾವತ್ತೊಳಗೆ ಅಂತ ಹೆಸರು ಹಾಕಿ ಬರ್ಕೊಳ್ಳಿ, ಕೆಲಸ ಆದ್ಮೇಲೆ ಗ್ರೂಪೂ ಬರ್ಖಾಸ್ತು. ನಡಾವಳಿಲಿ “ಎಲ್ಲರೂ ಗಮನಿಸುವುದು” ಅಂತ ಬರೆದ್ರೆ ಯಾರೂ ಗಮನಿಸಲ್ಲ. ಸೂಪರ್‌ವೈಸರ್ರು ಮಹಿಳಾ ಸಂಘದ ಇಬ್ಬರನ್ನ ಹುಳ ನೋಡೋಕೆ ಮುಯ್ಯಾಳಾಗಿ (ಕೆಲಸಕ್ಕೆ ಕೆಲಸ ಅನ್ನೋ ಲೆಕ್ಕದಲ್ಲಿ) ಒಪ್ಪಿಸಿದ್ರು, ನರ್ಸು ತಾಯಿಯ ಕೂಲಿ ನಷ್ಟದ ಭತ್ಯೆ ಕಾಗದ ನೋಡ್ಕೊಂಡ್ರು, ಮಾರನೇ ದಿನ ಮಗು ಅಡ್ಮಿಟ್.

ಗಂಡ ಕುಡೀತಾನೆ ಅಂತಾನೂ ತಾಯಿ ಹೇಳ್ಕೊಂಡಿದ್ಲು. ಅದನ್ನ ಗ್ರೂಪಲ್ಲಿ ಎತ್ಬೇಡಿ ಅಂದೆ, ಅಡ್ಮಿಷನ್‌ಗೆ ಅದು ಬೇಕಾಗಿರ್ಲಿಲ್ಲ, ಮೇಲಾಗಿ ಸೂಪರ್‌ವೈಸರ್ ನಂಟರು ಅದೇ ಊರಲ್ಲಿದಾರೆ. ತಾಯಿಯನ್ನ ಕೇಳಿ, ಅವಳು ಹೂಂ ಅಂದ್ರೆ ಬೇರೆಯಾಗಿ ನೋಡೋದು.

ಸವಿತಾಗೆ ನಿದ್ದೆ ಇನ್ನೂ ಸರಿಹೋಗಿಲ್ಲ, ಅದಕ್ಕೆ ಸೆಷನ್ ನಡೀತಿದೆ. ರಾಜೀನಾಮೆ ಮಾತನ್ನ ಮೂರು ತಿಂಗಳು ಮುಂದಕ್ಕೆ ಹಾಕಿದಾರೆ.